ನಂಜಪ್ಪನವರ ಮನೆಯ ಬಾಡಿಗೆದಾರ

ಮಾದನಾಯಕನಹಳ್ಳಿ
ಭಾನುವಾರ, 14-4-2013

ದೇವಕ್ಕನಿಗೆ,

ಗಂಡನಾದವನು ಹೆಂಡತಿಗೆ ಕಾಗದ ಬರೆದರೆ ಮೊದಲು ಆಶೀರ್ವಾದ ಬರೆಯಬೇಕಂತೆ. ಆ ಯೋಗ್ಯತೆ ನನಗಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ನಮಸ್ಕಾರ ಎಂದೇ ಇಟ್ಟುಕೋ. ನಾನು ಆರೋಗ್ಯವಾಗಿದ್ದೇನೆ. ಸಕ್ಕರೆ ಕಾಯಿಲೆ ಬಂದಿದೆ, ಅದೊಂದು ಬಿಟ್ಟರೆ ಆರೋಗ್ಯವೇ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿದು ಹಾಕುವ ಮುಂಚೆ ಎರಡು ಸಾಲಾದರೂ ಓದುತ್ತೀಯ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಆ ಎರಡು ಸಾಲು ಇವು. ಸವಿತಾಳ ಮದುವೆ ಗೊತ್ತಾಗಿದೆಯೆಂದು, ಬಸವ ಜಯಂತಿಯ ಮರುದಿನವೇ ಅಕ್ಕಿಕಾಳು ಬೀಳುವ ಮುಹೂರ್ತ ಎಂದು, ಪೀಣ್ಯದ ಗಾರ್ಮೆಂಟ್ಸಿನಲ್ಲಿರುವ ನಿನ್ನ ಚಿಕ್ಕಮ್ಮನ ಮಗಳು ಬಸಕ್ಕ ಹೇಳಿದಳು. ನಾನು ಆ ಮನೆಗೆ ಹೋದೆ.

ಯಾವ ಮನೆ ಎಂದು ನೀನು ಕೇಳುವುದಿಲ್ಲ. ಆದರೂ ಒಮ್ಮೆ ಎಲ್ಲವನ್ನೂ ಬರೆದುಬಿಡುತ್ತೇನೆ, ನಿನಗೆ ಹೇಳಿದ ಮೇಲೆ ಹದಿನಾಲ್ಕು ವರ್ಷದಿಂದ ಬೇರೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಮೂರು ಸಲ ಸುಪಾರಿ ಹಿಡಿದವನು ನಾನು. ಮಚ್ಚು, ಲಾಂಗು ಮುಟ್ಟಿದವನಲ್ಲ. ನನ್ನ ಹತ್ತಿರ ಇದ್ದದ್ದು ಹೆವಿ ಲೈಸೆನ್ಸು ಮತ್ತು ಹತ್ತು ಗಾಲಿಯ ಲಾರಿ. ಮೊದಲಿನ ಇಬ್ಬರು ಕಾಲು ಮುರಿದುಕೊಂಡು ಬದುಕಿದರು. ಎರಡು ಸಲವೂ ನಾನೇ ಠಾಣೆಗೆ ಹೋಗಿ, ಬ್ರೇಕ್ ಫೇಲಾಯ್ತು ಸಾರ್ ಎಂದು ಕೈಕಟ್ಟಿ ನಿಂತೆ. ಲಾರಿ ಸ್ಟ್ಯಾಂಡಿನಲ್ಲಿ ನನಗೆ ಬ್ರೇಕ್‌ಫೇಲ್ ಸಂಗಣ್ಣ ಎಂಬ ಹೆಸರೇ ಬಿತ್ತು. ಮೂರನೆಯವರು ಈ ಮಾದನಾಯಕನಹಳ್ಳಿಯ ನಂಜಪ್ಪನವರು. ಲೇಔಟ್ ಮಾಡುವವರಿಗೆ ತಮ್ಮ ಒಂದೂವರೆ ಎಕರೆ ಬಿಟ್ಟುಕೊಡಲು ಒಪ್ಪದಿದ್ದದ್ದು ಅವರ ತಪ್ಪು. ದಿನಾ ಬೆಳಿಗ್ಗೆ ಟಿವಿಎಸ್ಸಿಗೆ ಎರಡು ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಲು ಹಾಕಲು ಹೋಗುತ್ತಿದ್ದರು. ಮೂರನೇ ಸಲವೂ ಬ್ರೇಕ್ ಫೇಲು ಎಂದರೆ ಪೊಲೀಸರಿಗೇ ನಗು ಬರುತ್ತಿತ್ತು, ಆದ್ದರಿಂದ ಗಾಡಿ ನಿಲ್ಲಿಸಲೇ ಇಲ್ಲ. ತುಮಕೂರು ದಾಟಿದ ಮೇಲೆ ಇಳಿದು ನೋಡಿದರೆ ಬಂಪರಿನ ತುಂಬ ಹಾಲು ಚೆಲ್ಲಿ ಒಣಗಿತ್ತು. ಕೆರೆಯ ನೀರು ತಂದು ತೊಳೆದೆ.

ಅದನ್ನು ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಕೊನೆಗೆ ನಿನಗೆ ಹೇಳಿದೆ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ನೀನು ನಾಲ್ಕು ತುಂಬಿದ ಸವಿತಾಳನ್ನು ಕಂಕುಳಲ್ಲಿ ಎತ್ತಿಕೊಂಡು ಕುಷ್ಟಗಿ ಬಸ್ಸು ಹತ್ತಿದೆ. ಹತ್ತುವ ಮುಂಚೆ, ಆ ಮನಿಗೆ ಹೋಗಿ ನಿಮ್ಮ ಬಾಯಿಲೆ ನೀವೇ ಹೇಳಿ ಬರ್ರಿ, ಅಲ್ಲೀತನಕ ನನ್ನ ಹೊಸ್ತಿಲಾ ತುಳೀಬ್ಯಾಡ್ರಿ ಅಂದೆ. ಅಷ್ಟು ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ ನೀನು. ಇಷ್ಟು ವರ್ಷ ಆ ಮಾತು ನೆನಪಾದಾಗಲೆಲ್ಲ ನಾಳೆ ಹೋದರಾಯಿತು ಎನ್ನುತ್ತಿದ್ದೆ.

ಈಗ ಹೇಗೆ ಹೋದೆ ಎಂದರೆ, ಒಂದು ಸಿನಿಮಾದ ದೆಸೆಯಿಂದ. ನಗಬೇಡ. ಲಾರಿ ಬಿಟ್ಟು ಎರಡು ವರ್ಷವಾಯಿತು. ಈಗ ಶೂಟಿಂಗಿನವರ ಜನರೇಟರ್ ಗಾಡಿ ಓಡಿಸುತ್ತೇನೆ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ವೈರು ಎಳೆದು ಕೊಟ್ಟು, ದಿನವಿಡೀ ಕೂತಿರುವುದೇ ಕೆಲಸ. ಹೋದ ಅಕ್ಟೋಬರದಲ್ಲಿ ಪೀಣ್ಯದ ಒಂದು ಬಾಗಿಲು ಮುಚ್ಚಿದ ಕಾರ್ಖಾನೆಯಲ್ಲಿ ಹೊಸ ಚಿತ್ರ ಶುರುವಾಯಿತು. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕತೆ ಏನು ಗೊತ್ತೇ? ವಯಸ್ಸಾದ ಒಬ್ಬ ಸುಪಾರಿ ಕೊಲೆಗಾರ, ತಾನು ಕೊಂದವರ ಮನೆಮನೆಗೂ ಹೋಗಿ ಕ್ಷಮೆ ಕೇಳುತ್ತಾನೆ. ಇದು ನಗೆಯ ಚಿತ್ರವಂತೆ. ಒಂದು ಮನೆಯಲ್ಲಿ ಸತ್ತವನ ತಮ್ಮ, ಬಹಳ ಉಪಕಾರವಾಯಿತು ಎಂದು ಶಾಲು ಹೊದಿಸುತ್ತಾನೆ. ಇನ್ನೊಂದು ಮನೆಯಲ್ಲಿ, ಬಂದದ್ದು ಒಳ್ಳೆಯದಾಯಿತು, ನಮ್ಮ ಭಾವನದೂ ಒಂದು ಮುಗಿಸಿಕೊಡು ಎನ್ನುತ್ತಾರೆ. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಆ ಹೀರೋ ಲಾಂಗ್ ಹಿಡಿಯುವುದನ್ನು ನೋಡಿದರೆ ತೆಂಗಿನಕಾಯಿ ಸುಲಿಯಲು ಬಂದವನ ಹಾಗೆ ಕಾಣುತ್ತಿದ್ದ.

ಒಂದು ದಿನ ಹೆಣವಾಗಬೇಕಿದ್ದವನು ಬರಲಿಲ್ಲ. ಡೈರೆಕ್ಟರ್ ಚಿರಂಜೀವಿ ಎಂಬ ಕನ್ನಡಕದ ಹುಡುಗ ನನ್ನ ಹತ್ತಿರ ಬಂದು, ಅಣ್ಣ ನಿಮ್ದು ಒಳ್ಳೇ ಸಾಧು ಮುಖ, ಸ್ವಲ್ಪ ಸತ್ತೋಗ್ತೀರಾ ಅಂದ. ಹೂಂ ಅಂದೆ. ಒಂಬತ್ತು ಸಲ ಸಾಯಿಸಿದರು. ಅಣ್ಣಾ ಉಸಿರಾಡ್ಬೇಡಿ, ಹೊಟ್ಟೆ ಕುಣೀತಿದೆ ಎಂದು ಅವನು ಕೂಗಿದ್ದೇ ಕೂಗಿದ್ದು. ನೆಲಕ್ಕೆ ಬಿದ್ದು ಕಣ್ಣು ತೆರೆದುಕೊಂಡೇ ಮಲಗಿರಬೇಕಿತ್ತು. ಮೇಲೆ ತಗಡಿನ ಚಾವಣಿ, ಕಿವಿಯ ಹತ್ತಿರ ಇರುವೆ. ಆಗ ನಂಜಪ್ಪನವರು ಹೀಗೆಯೇ ಬಿದ್ದಿದ್ದರಲ್ಲ, ಅವರ ಹತ್ತಿರ ಕಟ್ ಎನ್ನುವವರು ಯಾರೂ ಇರಲಿಲ್ಲವಲ್ಲ ಎನ್ನಿಸಿ ಎದೆ ಹೊಡೆದುಕೊಳ್ಳಲು ಶುರುವಾಯಿತು. ಅಣ್ಣಾ ಹೊಟ್ಟೆ, ಅಣ್ಣಾ ಹೊಟ್ಟೆ ಎಂದು ಮತ್ತೆ ಕೂಗಿದ. ಮಾರನೇ ದಿನ ರಜೆ ಹಾಕಿ ಮಾದನಾಯಕನಹಳ್ಳಿಗೆ ಬಂದೆ.

ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಉರು ಹೊಡೆದಿದ್ದೆ. ಗೇಟು ತೆಗೆದರೆ ನಂಜಪ್ಪನವರ ಹೆಂಡತಿ ಗೌರಮ್ಮನವರೇ ಬಟ್ಟೆ ಹರವುತ್ತಿದ್ದರು. ನನ್ನ ಮುಖ ನೋಡಿ, ಮಾತು ಕೇಳಿ, ಬಡಗಣ ಸೀಮೆಯವನೆಂದು ಗೊತ್ತಾಗಿ, ರೂಮ್ ನೋಡಕ್ ಬಂದ್ಯೇನಪ್ಪ, ಬಾ ಬಾ ಅಂದರು. ನಮ್ಮ ಕಡೆಯವರು ಇಲ್ಲಿ ಗೇಟು ತಟ್ಟಿದರೆಂದರೆ ಬಾಡಿಗೆ ಮನೆಗೇ ಎಂದು ಇವರೆಲ್ಲ ತಿಳಿದುಬಿಟ್ಟಿದ್ದಾರೆ. ನಾನು ವಿಷಯಕ್ಕೆ ಬರುವುದರೊಳಗೆ ರೂಮಿನ ಬೀಗ ತೆಗೆದು, ಕೊಳಾಯಿ ತಿರುಗಿಸಿ ತೋರಿಸಿ, ಒಂಟಿ ಗಂಡಸ್ರಿಗೆ ಕೊಡಾಕಿಲ್ಲ, ಸಂಸಾರ ಐತಾ ಎಂದು ಕೇಳಿದರು. ಇದೆ, ಮಗಳನ್ನು ಕರೆದುಕೊಂಡು ಊರಲ್ಲಿದ್ದಾಳೆ, ಬರುತ್ತಾಳೆ ಅಂದೆ. ನಿನ್ನನ್ನು ಕೇಳದೆ ನಿನ್ನನ್ನು ಆ ಮನೆಗೆ ಬರಮಾಡಿಕೊಂಡದ್ದಕ್ಕೆ ಕ್ಷಮಿಸು. ಸಂಜೆಯ ಹೊತ್ತಿಗೆ ಚಾಪೆ, ಸ್ಟೋವು ತಂದು ಹಾಕಿಬಿಟ್ಟೆ. ಅಂದಿನಿಂದ ಇಲ್ಲೇ ಇದ್ದೇನೆ, ಆರು ತಿಂಗಳಾಗುತ್ತ ಬಂತು.

ಹೇಡಿ ಎನ್ನುತ್ತೀಯ. ಅನ್ನು. ಪ್ರತಿ ಭಾನುವಾರವೂ ಹೇಳಲು ಹೋದವನೇ. ಒಂದು ವಾರ ಅವರ ಹಿರಿಮಗಳು ಬಂದಿದ್ದಳು, ಇನ್ನೊಂದು ವಾರ ಅವರಿಗೆ ಜ್ವರ, ಮತ್ತೊಂದು ವಾರ ನಾನು ಹೋದಾಗ ಉಪ್ಸಾರು ಮಾಡಿ ಮುದ್ದೆಯ ಮುಂದೆ ಕೂರಿಸಿದರು. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದರೆ, ಇದೇನ್ ಸಂಗಣ್ಣ ದನ ಮೆಲುಕಾಕ್ದಂಗೆ ಎಂದು ನಕ್ಕರು. ಗಂಡ ಹೋದ ಮೇಲೆ ಮೈದುನಂದಿರೇ ಲೇಔಟಿನವರಿಗೆ ಜಮೀನು ಬರೆದುಕೊಟ್ಟರಂತೆ. ಉಳಿದ ಸೈಟಿನಲ್ಲಿ ಆರು ರೂಮು ಕಟ್ಟಿಸಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ಮಾಘ ಮಾಸದಲ್ಲಿ ನಂಜಪ್ಪನವರ ತಿಥಿ ಬಂತು. ಪೇಟೆಯಿಂದ ಹೂವು, ಬಾಳೆಲೆ ತಂದವನು ನಾನು. ಮೊದಲ ಪಂಕ್ತಿಯಲ್ಲಿ ನನ್ನನ್ನೇ ಕೂರಿಸಿ ವಡೆ ಎರಡು ಸಲ ಬಡಿಸಿದರು. ಬೇಡ ಎನ್ನಲಾಗಲಿಲ್ಲ, ತಿಂದೆ. ಚೆನ್ನಾಗಿತ್ತು ದೇವಕ್ಕ, ಅದನ್ನೂ ನಿನ್ನಿಂದ ಮುಚ್ಚಿಡಲಾರೆ.

ಅವರು ತಾವಾಗಿಯೇ ಒಂದು ದಿನ ಗಂಡನ ವಿಷಯ ಹೇಳಿದರು. ಯಾವುದೋ ಲಾರಿ ಗುದ್ದಿ ನಿಲ್ಲಿಸದೆ ಹೋಯಿತು, ನಂಬರು ಯಾರೂ ನೋಡಲಿಲ್ಲ ಎಂದರು. ಮೊದಮೊದಲು ರಸ್ತೆ ಬದಿಗೆ ಹೋಗಿ ನಿಂತು, ಹೋಗುವ ಬರುವ ಲಾರಿ ಡ್ರೈವರುಗಳ ಮುಖವನ್ನೇ ನೋಡುತ್ತಿದ್ದರಂತೆ. ಮುಖ ನೋಡಿದ್ರೆ ಗೊತ್ತಾಗ್ಬುಡ್ತದೆ ಅಂದ್ಕಂಡಿದ್ದೆ ಕಣಪ್ಪ, ಒಂದೂ ಗೊತ್ತಾಗ್ಲಿಲ್ಲ ಅಂದರು. ನನ್ನ ಮುಖವನ್ನೇ ನೋಡುತ್ತ ಹೇಳಿದರು.

ಕೊನೆಗೆ ನಿನ್ನೆ ಹೇಳಿದೆ. ಈಗ ಹುಣಸೆಹಣ್ಣಿನ ಕಾಲ. ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು, ಅವರು ಹಣ್ಣು ಕುಟ್ಟುತ್ತಿದ್ದರು, ನಾನು ಬೀಜ ಬಿಡಿಸುತ್ತಿದ್ದೆ. ಸಿನಿಮಾದ ಕತೆಯನ್ನು ದಿನವೂ ನನ್ನ ಬಾಯಲ್ಲಿ ಕೇಳುವುದು ಅವರಿಗೆ ರೂಢಿಯಾಗಿದೆ. ಇವತ್ತೇನ್ ಮಾಡುದ್ರು ನಿಮ್ ಸಿನ್ಮಾದೋರು ಎಂದು ಕೇಳಿದರು. ಇದೇ ಸಮಯ ಎಂದುಕೊಂಡು ಶುರುಮಾಡಿದೆ. ಒಬ್ಬ ಲಾರಿ ಡ್ರೈವರ್ ಇದ್ದ, ಅವನಿಗೆ ಸುಪಾರಿ ಕೊಟ್ಟರು, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ರೈತನೊಬ್ಬನನ್ನು ಗುದ್ದಲು ಹೇಳಿದರು, ಜಮೀನಿಗಾಗಿ, ಅವನು ಗುದ್ದಿದ ಎಂದೆ. ಗೌರಮ್ಮನವರ ಕೈಯ ಕೊಡತಿ ನಿಂತಿತು. ಆಮೇಲೆ ಅವರು, ಅಯ್ಯೋ ನಿನ್ನ, ನಮ್ಮನೆ ಕತೇನೇ ಸಿನ್ಮಾದೋರ್ಗೆ ಏಳ್ಬುಟ್ಯಾ ಅಂದರು. ಸುಪಾರಿ ಗಿಪಾರಿ ಎಲ್ಲ ಆ ಕನ್ನಡಕದ ಹುಡುಗ ಸೇರಿಸಿಕೊಂಡದ್ದು ಎಂದು ತಿಳಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡರೆ ಅವರ ಮುಖ ಅರಳಿಬಿಟ್ಟಿತು. ನನ್ನ ಪಾರ್ಟು ಯಾರು ಮಾಡ್ತಾರೆ ಎಂದೂ ಕೇಳಿದರು.

ಇಲ್ಲ ಗೌರಮ್ಮಾರೆ, ಇದು ಸಿನಿಮಾ ಅಲ್ಲ ಎಂದು ಆ ಗಳಿಗೆಯಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಮತ್ತೆ ಹಣ್ಣು ಕುಟ್ಟುತ್ತ, ಕೊನೀಗೆ ಆ ಡ್ರೈವರು ಬಂದು ಏಳ್ತಾನಾ ಅಂದರು. ಹೇಳುತ್ತಾನೆ ಅಂದೆ. ಅದೊಂದ್ನ ತೆಗೀಬ್ಯಾಡಿ ಅನ್ನು ಆ ಉಡುಗನ್ಗೆ, ಸಿನ್ಮಾದಾಗಾದ್ರೂ ಬರ್ಲಿ, ನಿಜದಾಗೆ ಯಾರ್ ಬತ್ತಾರೆ ಅಂದರು. ಕಣ್ಣು ಒರೆಸಿಕೊಂಡರು. ಹುಣಸೆಹಣ್ಣಿನ ಕೈ ಕಣ್ಣಿಗೆ ತಾಗಿ ಉರಿ ಹತ್ತಿತು ಎಂದು ಒಳಗೆ ಹೋದರು.

ದೇವಕ್ಕ, ನೀನು ಹೇಳು ಅಂದೆ, ನಂಬಿಸು ಎನ್ನಲಿಲ್ಲ. ನನ್ನ ಬಾಯಿಂದಲೇ ಹೇಳಿದ್ದೇನೆ, ಅವರ ಕಿವಿಗೇ ಹೇಳಿದ್ದೇನೆ. ಅವರು ಸಿನಿಮಾ ಎಂದುಕೊಂಡರೆ ಅದರಲ್ಲಿ ನನ್ನ ತಪ್ಪೇನು? ನಿನ್ನ ಮಾತು ನಡೆಸಿದ ಹಾಗಾಯಿತಲ್ಲವೇ? ಮಗಳಿಗೆ ಅಕ್ಕಿಕಾಳು ಹಾಕುವುದೊಂದು ಬಿಟ್ಟು ನನಗೆ ಬೇರೆ ಆಸೆಯಿಲ್ಲ. ಮಂಟಪದ ಹತ್ತಿರ ಬರುವುದಿಲ್ಲ, ಊಟದ ಸಾಲಿನ ಕೊನೆಯಲ್ಲಿ ಕೂರುತ್ತೇನೆ. ಯಾರಾದರೂ ಕೇಳಿದರೆ ಬೆಂಗಳೂರಿನ ಡ್ರೈವರ್ ಎನ್ನು ಸಾಕು. ಹಿಂದಿನ ದಿನದ ಬಸ್ಸಿಗೆ ಸೀಟು ಹಿಡಿದಿಟ್ಟಿದ್ದೇನೆ. ಬೇಡವಾದರೆ ಬಸಕ್ಕನ ಕೈಲಿ ಹೇಳಿ ಕಳಿಸು. ಏನೂ ಹೇಳಿ ಕಳಿಸದಿದ್ದರೆ ಬಾ ಎಂದೇ ತಿಳಿದು ಬಂದುಬಿಡುತ್ತೇನೆ.

ಸವಿತಾಳ ತಲೆ ನೇವರಿಸಿದೆನೆಂದು ಹೇಳು.

ಹೊಸ್ತಿಲ ಹೊರಗಿನ
ಸಂಗಣ್ಣ

ತಾ.ಕ.: ಕವರಿಗೆ ಅಂಟು ಹಾಕಿ ಹೊರಗೆ ಬಂದಿದ್ದೆ. ಈಗ ಹರಿದು ಮತ್ತೆ ಬರೆಯುತ್ತಿದ್ದೇನೆ.

ಗೌರಮ್ಮನವರು ಅಂಗಳ ಗುಡಿಸುತ್ತಿದ್ದರು. ಕವರು ನೋಡಿ, ಮಗಳ ಮದ್ವೆ ಕಾಗ್ದನಾ, ನಾನೂ ಬತ್ತೀನಿ ಅಂತ ಬರೀ, ನಿನ್ ಕಡೀಗೆ ಯಾರೂ ಇಲ್ಲ ಅಂತ್ಯಲ್ಲ, ಅಕ್ಕ ಇದಾಳೆ ಅಂತ ಬರೀ ಅಂದರು. ಮೆಟ್ಟಿಲ ಮೇಲೆ ಕೂತು, ನಿನ್ನೆ ಹೇಳಿದ್ದು ಸಿನಿಮಾ ಅಲ್ಲ, ಆ ಡ್ರೈವರು ನಾನೇ ಅಂದೆ. ಅವರು ನಕ್ಕರು. ನಂಜಪ್ಪನವರ ಹೆಗಲ ಮೇಲೆ ಅಂದು ಹಸಿರು ಟವೆಲ್ ಇತ್ತು, ಹೊಸದು, ಅದರ ಚೀಟಿ ಕೂಡ ಕಿತ್ತಿರಲಿಲ್ಲ ಅಂದೆ. ನಗು ನಿಂತಿತು. ಒಂದೇ ಒಂದು ಮಾತು ಕೇಳಿದರು, ಅವ್ರು ಇಂದಕ್ಕೆ ತಿರುಗಿ ನೋಡುದ್ರಾ ಎಂದು. ಇಲ್ಲ, ಅವರಿಗೆ ಗೊತ್ತೇ ಆಗಲಿಲ್ಲ ಅಂದೆ.

ನೋಡಿದ್ದರು ದೇವಕ್ಕ. ಅದೊಂದನ್ನು ಅವರಿಗೆ ಹೇಳಲಾಗಲಿಲ್ಲ, ನಿನಗೆ ಹೇಳಿದ್ದೇನೆ.

ಇಲ್ಲೇ ಕೂತಿರು, ಎಲ್ಲೂ ಓಗ್ಬ್ಯಾಡ ಎಂದು ಹೇಳಿ, ಪೊರಕೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಠಾಣೆಯ ಕಡೆ ನಡೆದಿದ್ದಾರೆ. ನಾನು ಕೂತಿದ್ದೇನೆ. ಇದನ್ನು ಪಕ್ಕದ ರೂಮಿನ ಭರಮಪ್ಪ ಅಂಚೆ ಡಬ್ಬಿಗೆ ಹಾಕುತ್ತಾನೆ. ಮದುವೆಗೆ ನನ್ನ ದಾರಿ ನೋಡಬೇಡ. ಹೊಸ್ತಿಲು ತುಳಿಯಬಹುದಾದ ದಿನ ಬಂತು, ಬರಲು ಮಾತ್ರ ಆಗುವುದಿಲ್ಲ.

ಠಾಣೆ ಇಲ್ಲಿಂದ ದೂರ, ಅವರಿಗೆ ಮೊಣಕಾಲು ನೋವು ಬೇರೆ, ಅದಕ್ಕೇ ಇಷ್ಟು ಬರೆಯಲು ಸಮಯ ಸಿಕ್ಕಿತು. ಬೀದಿಯಲ್ಲಿ ನಿಲ್ಲಿಸಿರುವ ಜನರೇಟರ್ ಗಾಡಿಯಲ್ಲಿ ಬಿಟ್ಟು ಬರಲೇ ಎಂದು ಬಾಯಿಯವರೆಗೂ ಬಂದಿತ್ತು. ಕೇಳಲು ಧೈರ್ಯವಾಗಲಿಲ್ಲ.