ತಂಗಿಯಿಂದ ಎಷ್ಟು ಅಂಗುಲ ದೂರ ಕೂತರೆ ರಕ್ಷಣೆ?

ಇಕ್ಕಟ್ಟು ಬಾಗಿಲ ಸಭೆಯ ಮಾನ್ಯ ಮುಖ್ಯ ಹಿರಿಯರೇ,

ಕಳೆದ ತಿಂಗಳ ಎರಡನೆಯ ಗುರುವಾರ ಮಧ್ಯಾಹ್ನ ತಮ್ಮ ಸಭೆಯ ಹಿರಿಯರೊಬ್ಬರು ಟೇಪು ಹಿಡಿದುಕೊಂಡು ಪುಳಿಕ್ಕಡವಿನ ನನ್ನ ಮನೆಗೆ ಬಂದು ಊಟದ ಮೇಜನ್ನು ಅಳೆದುಕೊಂಡು ಹೋದರು. ಆ ಅಳತೆಯನ್ನು ಆಧಾರವಾಗಿಟ್ಟುಕೊಂಡು ತಾವು ನನ್ನ ತಂಗಿ ಪೆಣ್ಣಮ್ಮನನ್ನು ಸಭೆಯಿಂದ ಹೊರಹಾಕಲು ತೀರ್ಮಾನಿಸಿದ್ದೀರಿ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಅವಳ ಹೆಸರನ್ನು ಎಲ್ಲರೆದುರು ಓದುತ್ತೀರಂತೆ. ಅವಳ ಅಪರಾಧ ಇಷ್ಟೇ: ಸಭೆ ಬಿಟ್ಟ ಅಕ್ಕನ ಜೊತೆ, ಅಂದರೆ ನನ್ನ ಜೊತೆ, ಕೂತು ಮರಗೆಣಸು ಮೀನುಸಾರು ಉಂಡಳು. ಅರವತ್ತಾರು ವರ್ಷದ ವಿಧವೆಯನ್ನು ಮತ್ತಿ ಮೀನಿನ ಸಾರಿಗಾಗಿ ನರಕಕ್ಕೆ ಕಳಿಸುವ ಮುನ್ನ ನನ್ನದೂ ನಾಲ್ಕು ಮಾತು ಕೇಳಿಸಿಕೊಳ್ಳಿ.

ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ತಮಗೆ ನೇರವಾಗಿ ಬರೆದ ಮೂರು ಪತ್ರಗಳೂ ಒಡೆಯದೆ ಹಿಂದಿರುಗಿದವು. ಬಿಟ್ಟುಹೋದವರ ಪತ್ರವನ್ನು ಒಡೆಯಬಾರದೆಂಬುದು ಸಭೆಯ ಒಂಬತ್ತನೆಯ ನಿಯಮ. ಪತ್ರಿಕೆ ಓದಬಾರದೆಂಬ ನಿಯಮವೂ ಇದೆ, ಅದು ಹತ್ತೊಂಬತ್ತನೆಯದು; ಆದರೆ ಅದನ್ನು ಯಾರು ಎಷ್ಟು ಪಾಲಿಸುತ್ತಾರೆಂಬುದು ತಮಗೂ ಗೊತ್ತು, ತಮ್ಮ ಮನೆಗೆ ಪತ್ರಿಕೆ ಹಾಕುವವನಿಗೂ ಗೊತ್ತು.

ಇಷ್ಟೊಂದು ನಿಯಮಗಳು ನನ್ನ ಬಾಯಲ್ಲಿರಲು ಕಾರಣವಿದೆ. ಇಪ್ಪತ್ತೆರಡು ವರ್ಷ ನಮ್ಮೂರ ಸಭೆಯ ದಾಖಲೆ ಪುಸ್ತಕ ಬರೆದವಳು ನಾನು. ಹೆಂಗಸು ಸಭೆಯಲ್ಲಿ ಬಾಯಿ ತೆರೆಯಬಾರದು, ನಿಜ. ಆದರೆ ಕಾರ್ಯದರ್ಶಿಗಳ ಅಕ್ಷರ ಕಾಗೆ ಕಾಲಾಗಿತ್ತು, ನಾನು ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಟೀಚರಾಗಿದ್ದೆ. ‘ಮಾತಾಡಬಾರದು ಅಂತಿದೆ, ಬರೀಬಾರದು ಅಂತ ಎಲ್ಲೂ ಇಲ್ವಲ್ಲ’ ಎಂದು ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದರು. ನಾನು ಬರೆದೆ, ಅವರು ಸಹಿ ಹಾಕಿದರು. ನಿಯಮದ ಸಂದಿಯಲ್ಲಿ ನುಸುಳುವುದನ್ನು ನಮ್ಮ ಮನೆಯವರು ಕಲಿತದ್ದು ಎಲ್ಲಿಂದ ಎಂದು ತಾವು ಮುಂದೆ ಕೇಳುವುದಾದರೆ, ಉತ್ತರ ಇಲ್ಲೇ ಇದೆ.

ಆ ಪುಸ್ತಕದ ಕೊನೆಯಲ್ಲಿ ‘ಬಿಟ್ಟುಹೋದವರು’ ಎಂಬ ಭಾಗವಿತ್ತು. ಹೆಸರು, ತಾರೀಕು, ಕಾರಣ. ಕಾರಣದ ಕಡೆ ಬರೆಯಲು ನನಗೆ ನಾಲ್ಕೇ ಮಾತುಗಳನ್ನು ಕೊಟ್ಟಿದ್ದರು: ಲೋಕದ ಮೋಹ, ದೇಹದ ಆಸೆ, ಅಹಂಕಾರ, ಕಹಿ ಬೇರು. ಮನುಷ್ಯರು ಮನೆ ಬಿಡಲು ನೂರು ಕಾರಣಗಳಿರುತ್ತವೆ, ಊರು ಬಿಡಲು ಸಾವಿರ. ನಮ್ಮ ಸಭೆ ಬಿಡಲು ಮಾತ್ರ ನಾಲ್ಕು. ಲೀಲಮ್ಮ ಎಂಬ ಹೆಂಗಸು ಹಿರಿಯರೊಬ್ಬರ ಬಳಿ ಗುಟ್ಟಾಗಿ ಹೇಳಿಕೊಂಡು ಅತ್ತ ತಪ್ಪನ್ನು ಅವರು ಮುಂದಿನ ಭಾನುವಾರದ ಪ್ರಸಂಗದಲ್ಲಿ ಉದಾಹರಣೆಯಾಗಿ ಹೇಳಿದರು. ಹೆಸರು ಹೇಳಲಿಲ್ಲ, ‘ಮೂರನೇ ಸಾಲಿನಲ್ಲಿ ಕೂರುವ ಒಬ್ಬ ಸಹೋದರಿ’ ಎಂದರು, ಅಷ್ಟೇ. ಮೂರನೇ ಸಾಲಿನಲ್ಲಿದ್ದವರು ಇಬ್ಬರು, ಅದರಲ್ಲಿ ಒಬ್ಬಳು ನಾನು. ಲೀಲಮ್ಮ ಮತ್ತೆ ಬರಲಿಲ್ಲ. ‘ಅಹಂಕಾರ’ ಎಂದು ಬರೆದೆ. ಒಬ್ಬ ಮೇಷ್ಟ್ರು, ಹಿರಿಯರನ್ನು ಆರಿಸುವವರು ಯಾರು ಎಂದು ಕೇಳಿದರು. ಹಿರಿಯರೇ ಎಂದು ಉತ್ತರ ಬಂತು. ಆ ಹಿರಿಯರನ್ನು ಆರಿಸಿದವರು ಯಾರು ಎಂದು ಮೇಷ್ಟ್ರು ಮತ್ತೆ ಕೇಳಿದರು. ಅವರ ಹೆಸರಿನ ಮುಂದೆಯೂ ‘ಅಹಂಕಾರ’ವೇ ಬಂತು. ಅಕ್ಷರ ಮಾತ್ರ ಮುತ್ತಿನಂತೆ ಬರುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಬಿಟ್ಟದ್ದು ಒಂದು ಮಗುವಿನ ದೆಸೆಯಿಂದ. ಸೂಸಮ್ಮ ಎಂಬಾಕೆಯ ಮಗಳು ಸಭೆಯ ಹೊರಗೆ ಮದುವೆಯಾಗಿದ್ದಳು. ಅವಳ ಹೆರಿಗೆಗೆ ಹೋಗಕೂಡದೆಂದು ಹಿರಿಯರು ತಡೆದರು, ಸೂಸಮ್ಮ ಸಭೆಯನ್ನೇ ಬಿಟ್ಟು ಹೋದಳು. ‘ಲೋಕದ ಮೋಹ’ ಎಂದು ನಾನು ಬರೆದೆ. ಎರಡು ತಿಂಗಳ ನಂತರ ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟಿಗೇ ಬಂದು ಕೂತಳು, ತೊಡೆಯ ಮೇಲೆ ಮೊಮ್ಮಗು. ನಾನು ಕಿಟಕಿಯಾಚೆ ನೋಡತೊಡಗಿದೆ, ನಿಯಮ ಹಾಗಿದೆಯಲ್ಲ.

‘ಟೀಚರೇ, ಮುಖ ತಿರುಗಿಸ್ಕೋಬೇಡಿ’ ಎಂದಳು. ‘ಇಲ್ನೋಡಿ, ನೀವು ಬರೆದ ಲೋಕದ ಮೋಹ ಇದೇ. ಐದು ಕೆ.ಜಿ. ಇದೆ. ನನ್ನ ಕೈ ಸೋತುಹೋಯ್ತು, ಸ್ವಲ್ಪ ಹಿಡ್ಕೊಳ್ಳಿ.’

ಹಿಡಿದುಕೊಂಡೆ. ಮಗು ನನ್ನ ಬಿಳಿ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಸಭೆಯ ನಿಯಮದಂತೆ ಮೈಮೇಲೆ ಗುಲಗಂಜಿಯಷ್ಟು ಚಿನ್ನವಿಲ್ಲದೆ ಐವತ್ತು ವರ್ಷ ಬೆಳ್ಳಗೆ ಬದುಕಿದ್ದ ನನಗೆ ಅದು ಯಾಕೋ ಆಶೀರ್ವಾದವೆನಿಸಿತು. ಯಾರೋ ನೋಡಿ ಹೇಳಿದರು, ಹಿರಿಯರು ಕರೆಸಿದರು, ತಪ್ಪೊಪ್ಪಿಗೆ ಕೇಳಿದರು. ‘ಮಗು ಒದ್ದೆ ಮಾಡಿದ್ದಕ್ಕೆ ನಾನು ಏನಂತ ಒಪ್ಕೊಳ್ಲಿ?’ ಎಂದು ಕೇಳುವಷ್ಟರಲ್ಲಿ ನಗು ಬಂದುಬಿಟ್ಟಿತು. ನಿಲ್ಲಲೇ ಇಲ್ಲ. ನಗುತ್ತಲೇ ಎದ್ದು ಬಂದವಳು ಮತ್ತೆ ಹೋಗಲಿಲ್ಲ. ನನ್ನ ಹೆಸರಿನ ಮುಂದೆ ‘ಕಹಿ ಬೇರು’ ಎಂದು ಬರೆದಿದ್ದಾರಂತೆ, ಅದೂ ಕಾಗೆ ಕಾಲಿನ ಅಕ್ಷರದಲ್ಲಿ. ಎರಡು ವರ್ಷವಾಯಿತು.

ಈಗ ಮೇಜಿನ ವಿಷಯ. ನಾನು ಮದುವೆಯಾದವಳಲ್ಲ. ಪೆಣ್ಣಮ್ಮನ ಗಂಡ ಅವರಾಚ್ಚನ್ ತೀರಿಕೊಂಡು ಹನ್ನೊಂದು ವರ್ಷ. ಅವಳ ಮನೆ ನನ್ನ ಬೇಲಿಯಾಚೆ. ಅಂದಿನಿಂದ ಮಧ್ಯಾಹ್ನದ ಊಟ ಇಬ್ಬರದೂ ನನ್ನ ಮನೆಯಲ್ಲಿ, ನಮ್ಮ ಅಮ್ಮನ ಕಾಲದ ಹೆಬ್ಬಲಸಿನ ಮೇಜಿನ ಆ ತುದಿಗೆ ಅವಳು, ಈ ತುದಿಗೆ ನಾನು. ನಾನು ಸಭೆ ಬಿಟ್ಟ ಮರುದಿನವೇ ಅವಳಿಗೆ ಹದಿನಾಲ್ಕನೆಯ ನಿಯಮವನ್ನು ಓದಿ ಹೇಳಿದರು: ‘ಬಿಟ್ಟುಹೋದವರೊಡನೆ ಒಂದೇ ಮೇಜಿನಲ್ಲಿ ಉಣ್ಣತಕ್ಕದ್ದಲ್ಲ.’ ಅದನ್ನು ಶುದ್ಧಪ್ರತಿ ಮಾಡಿದವಳೂ ನಾನೇ.

ಪೆಣ್ಣಮ್ಮ ನನ್ನಂತಲ್ಲ. ನಿಯಮ ಮುರಿದವಳೇ ಅಲ್ಲ. ಅವಳಿಗೆ ಆ ಸಭೆ ಬೇಕು, ಆ ಹಾಡು ಬೇಕು. ಒಂದು ವಾರ ಬೇಲಿಯಾಚೆಯೇ ಒಬ್ಬಳೇ ಉಂಡಳು. ಎಂಟನೆಯ ದಿನ ಬಂದು ನಿಂತಳು.

‘ಚೇಚಿ, ಒಂದೇ ಮೇಜು ಅಂತ ತಾನೇ ಇರೋದು?’

‘ಹೂಂ ಕಣೇ.’

‘ಎರಡು ಮಾಡಿದ್ರೆ?’

ಚಾಪೆ ಕೆಳಗೆ ತೂರುವವಳು ನಾನು ಎಂದುಕೊಂಡಿದ್ದೆ. ನನ್ನ ತಂಗಿ ರಂಗೋಲಿ ಕೆಳಗೆ ತೂರಿದಳು. ಬಡಗಿ ದಿವಾಕರನನ್ನು ಕರೆಸಿದೆವು. ಅವನು ಮೇಜನ್ನೂ ನಮ್ಮನ್ನೂ ನೋಡಿ, ‘ಏನು ಟೀಚರೇ, ಪಾಲು ಪಂಚಾಯ್ತೀನಾ? ಈ ವಯಸ್ಸಲ್ಲಾ?’ ಎಂದ. ಧರ್ಮದ ವಿಷಯ ಎಂದೆ. ‘ನಲ್ವತ್ತು ವರ್ಷದಿಂದ ಮೇಜು ಮಾಡ್ತಿದೀನಿ, ಮೇಜು ಕೊಲ್ತಿರೋದು ಇದೇ ಮೊದ್ಲು’ ಎಂದು ಗೊಣಗುತ್ತಲೇ ನಡುವೆ ಗರಗಸ ಹಾಕಿದ. ಒಂದೊಂದು ಅರ್ಧಕ್ಕೂ ಎರಡೆರಡು ಹೊಸ ಕಾಲು ಕೂರಿಸಿದ. ನಡುವೆ ನಾಲ್ಕು ಅಂಗುಲ ಜಾಗ ಬಿಟ್ಟು ಹದಿನಾಲ್ಕನೆಯ ನಿಯಮವನ್ನು ಅಕ್ಷರಶಃ ಪಾಲಿಸುತ್ತ ನಾವಿಬ್ಬರೂ ಎರಡು ವರ್ಷ ಉಂಡೆವು. ಸಾರಿನ ಪಾತ್ರೆಯನ್ನು ದಾಟಿಸುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕಿತ್ತು.

ಕಳೆದ ತಿಂಗಳು ಬಂದ ಹಿರಿಯರು ನಮ್ಮೂರವರೇ, ಈಪ್ಪಚ್ಚನ್. ಬಾಗಿಲಲ್ಲೇ ನಿಂತು, ‘ಸಹೋದರಿ ಪೆಣ್ಣಮ್ಮ, ಇದು ಒಂದೇ ಮೇಜು’ ಎಂದರು.

‘ಕಾಲು ಎಣಿಸಿ ಈಪ್ಪಚ್ಚ’ ಎಂದೆ ನಾನು. ಅವರು ನನ್ನ ಜೊತೆ ಮಾತಾಡುವಂತಿಲ್ಲ, ಆ ವಿನಾಯಿತಿ ಒಡಹುಟ್ಟಿದವರಿಗೆ ಮಾತ್ರ. ಆದರೆ ಬಗ್ಗಿ ಎಣಿಸಿದರು. ಎಂಟಿದ್ದವು. ಟೇಪು ತೆಗೆದು ನಡುವಿನ ಜಾಗ ಅಳೆದರು, ಕಾಗದದಲ್ಲಿ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಕೊಡಂಪುಳಿ ಎಂಬ ಹುಳಿ ಹಾಕಿದ ಮೀನುಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಪೆಣ್ಣಮ್ಮ ಕಲ್ಮಶವಿಲ್ಲದ ದನಿಯಲ್ಲಿ, ‘ಈಪ್ಪಚ್ಚ, ನನ್ನ ಅರ್ಧದಲ್ಲಿ ಕೂತು ಉಣ್ಣಿ. ಇದು ಸಭೆಯವರ ಮೇಜೇ ಅಲ್ವಾ’ ಎಂದಳು. ಅವರು ಕೂತರು. ಎರಡು ಸಲ ಬಡಿಸಿಕೊಂಡರು. ತಮ್ಮ ಕಚೇರಿಗೆ ಸಲ್ಲಿಸಿದ ವರದಿಯಲ್ಲಿ ಮೇಜಿನ ಉದ್ದ, ಅಗಲ, ಎತ್ತರ ಎಲ್ಲವೂ ಇವೆ, ಮೀನಿನ ಪ್ರಸ್ತಾಪ ಮಾತ್ರ ಇಲ್ಲ ಎಂದು ಕೇಳಿದ್ದೇನೆ.

ತಮ್ಮ ತೀರ್ಪು ಬಂತು. ಕಾಲು ಎಂಟಾದರೂ ‘ಆತ್ಮದಲ್ಲಿ ಅದು ಒಂದೇ ಮೇಜು’ ಎಂದು ಬರೆದಿದ್ದೀರಿ. ಮಾನ್ಯರೇ, ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ತಮ್ಮ ಕಚೇರಿಯಿಂದ ಬಂದ ಸತ್ಯವಾದ ಮಾತು ಇದೊಂದೇ. ಹೌದು, ಒಂದೇ. ಗರಗಸಕ್ಕೂ ಅದನ್ನು ಎರಡು ಮಾಡಲಾಗಲಿಲ್ಲ, ತಾವು ಮಾಡಬಲ್ಲಿರಾ? ಪಾಪಿಗಳೆನಿಸಿಕೊಂಡ ಸುಂಕದವರ ಜೊತೆ ಕೂತು ಉಂಡವನ ಹೆಸರಿನಲ್ಲಿ ನಡೆಯುವ ಸಭೆ ನಮ್ಮದು. ಆತ ಉಣ್ಣುವಾಗಲೂ ಬಾಗಿಲಲ್ಲಿ ನಿಂತು ಗೊಣಗಿದವರಿದ್ದರು. ಅವರ ಕೈಯಲ್ಲಿ ಟೇಪು ಇತ್ತೆಂದು ಮಾತ್ರ ಸುವಾರ್ತೆಯಲ್ಲಿ ಬರೆದಿಲ್ಲ.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದಕ್ಕೆ ನಗು ಬರುತ್ತಿಲ್ಲ. ತೀರ್ಪಿನ ಕೊನೆಯ ಸಾಲಿನಲ್ಲಿ, ಹೊರಹಾಕಿದ ದಿನದಿಂದ ಪೆಣ್ಣಮ್ಮನಿಗೆ ಸಭೆಯ ಸ್ಮಶಾನದಲ್ಲಿ ಕಾದಿರಿಸಿದ ಜಾಗ ರದ್ದಾಗುತ್ತದೆ ಎಂದಿದೆ. ಆ ಜಾಗ ಅವರಾಚ್ಚನ್ ಪಕ್ಕದ್ದು. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಅವಳು ಹೋಗಿ ಗಂಡನ ಗೋರಿ ಗುಡಿಸುತ್ತಾಳೆ, ಹಾಗೆಯೇ ಪಕ್ಕದ ತನ್ನ ಜಾಗವನ್ನೂ ಗುಡಿಸಿ, ಕಳೆ ಕಿತ್ತು ಬರುತ್ತಾಳೆ. ಕಾಗದ ಓದಿ ಅವಳು ಅದನ್ನು ನಾಲ್ಕಾಗಿ ಮಡಚಿದಳು. ಆಮೇಲೆ, ‘ಸತ್ಮೇಲೆ ಅವರ ಪಕ್ಕ ಮಲಗ್ಬೇಕು ಅಂದ್ರೆ, ಬದುಕಿರುವಾಗ ನಿನ್ನ ಎದುರು ಕೂರ್ಬಾರ್ದಂತೆ ಚೇಚಿ’ ಎಂದಳು. ‘ಬರಬೇಡ ಪೆಣ್ಣೇ, ಬೇಲಿ ಹತ್ರ ನಿಂತು ಮಾತಾಡೋಣ, ಸಾಕು’ ಎಂದು ನಾನೇ ಹೇಳಿದೆ. ಗೆದ್ದಿರಿ, ಮಾನ್ಯರೇ. ಆ ದಿನ ಗೆದ್ದಿರಿ.

ಜನ ಯಾಕೆ ಬಿಡುತ್ತಾರೆಂದು ತಾವು ವರ್ಷಕ್ಕೊಂದು ಉಪವಾಸ ಪ್ರಾರ್ಥನೆ ಇಡುತ್ತೀರಿ. ಉಪವಾಸ ಬೇಡ, ಹೊಟ್ಟೆ ತುಂಬ ಉಂಡು ಕೇಳಿ. ಚಿನ್ನದ ಸರಕ್ಕಾಗಿ ಬಿಟ್ಟವರನ್ನು ನಾನು ಕಾಣಲಿಲ್ಲ. ಮಗಳ ಹೆರಿಗೆಗೆ ಹೋಗಬೇಕೆಂದು ಬಿಟ್ಟರು. ಗುಟ್ಟು ಗುಟ್ಟಾಗಿ ಉಳಿಯಲಿಲ್ಲವೆಂದು ಬಿಟ್ಟರು. ಒಂದು ಪ್ರಶ್ನೆ ಕೇಳಿದ್ದಕ್ಕೆ ಉತ್ತರದ ಬದಲು ಹೆಸರಿಟ್ಟರೆಂದು ಬಿಟ್ಟರು. ದೇವರನ್ನು ಬಿಟ್ಟವರು ಬಹಳ ಕಡಿಮೆ. ಹೆಚ್ಚಿನವರು ತಮ್ಮನ್ನು ಬಿಟ್ಟರು, ಅಷ್ಟೇ. ಇವೆರಡರ ವ್ಯತ್ಯಾಸ ತಮಗೆ ಕಷ್ಟವಾಗುತ್ತಿದೆ ಎಂಬುದೇ ಎಲ್ಲದರ ಮೂಲ.

ನನ್ನ ಬೇಡಿಕೆ ದೊಡ್ಡದಲ್ಲ. ಅವರಾಚ್ಚನ್ ಪಕ್ಕದ ಆ ಐದಡಿ ನೆಲವನ್ನು ಮುಟ್ಟಬೇಡಿ. ಅವಳೇನು ಸಭೆ ಬಿಟ್ಟಿಲ್ಲ, ತಾವು ಬಿಡಿಸುತ್ತಿದ್ದೀರಿ. ಹೆಸರು ಓದಲೇಬೇಕೆಂದಿದ್ದರೆ ಕಾರಣವನ್ನು ನಿಜವಾಗಿ ಓದಿ: ‘ಅಕ್ಕನ ಜೊತೆ ಉಂಡಳು.’ ಮತ್ತೆ ಆ ದಾಖಲೆ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ನನಗೆ ಕಳಿಸಿ, ಹಳೆಯ ಕಾರಣಗಳನ್ನೆಲ್ಲ ತಿದ್ದಿ ಕೊಡುತ್ತೇನೆ. ಅದೇ ಕೈಬರಹವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಪತ್ರವನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಪೆಣ್ಣಮ್ಮ ಬೇಲಿ ದಾಟಿ ಬಂದಳು, ಹಿಂದೆ ದಿವಾಕರ. ‘ಮೇಜು ಜೋಡಿಸ್ಬಿಡು’ ಎಂದು ಅವನಿಗೆ ಹೇಳಿದಳು.

‘ಏನೇ ಇದು? ಅವರಾಚ್ಚನ್?’ ಎಂದೆ.

‘ಹನ್ನೊಂದು ವರ್ಷ ಕಾದಿದಾರೆ, ಇನ್ನೂ ಕಾಯ್ತಾರೆ. ಅವ್ರಿಗೇನು ಅವಸರ? ಸಾರು ಹಾಗಲ್ಲ, ಆರಿಹೋಗುತ್ತೆ.’ ಕಣ್ಣು ತುಂಬಿತ್ತು, ಆದರೆ ನಕ್ಕಳು. ಅವಳ ಹೆಸರು ಓದುವ ಭಾನುವಾರ ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ, ಅಂದಿನ ಹಾಡನ್ನೂ ಹಾಡುತ್ತಾಳಂತೆ. ತಮ್ಮ ಗಮನಕ್ಕೆ ಇರಲಿ.

ದಿವಾಕರ ಎರಡು ಅರ್ಧಗಳನ್ನೂ ಕೂಡಿಸಿ ನೋಡಿ ತಲೆ ಕೆರೆದುಕೊಂಡ. ‘ಟೀಚರೇ, ಮೊದಲಿನ ಅಳತೆ ಬರಲ್ಲ. ಗರಗಸ ಒಂದು ನೂಲು ತಿಂದಿದೆ, ಈಗ ಕೂಡಿಸೋಕೆ ಅಂಚು ಹೆರೆದ್ರೆ ಇನ್ನೊಂದು ನೂಲು ಹೋಗುತ್ತೆ. ಮೇಜು ಎರಡು ನೂಲು ಗಿಡ್ಡ ಆಗುತ್ತೆ, ಪರವಾಗಿಲ್ವಾ?’

ಎಂಟು ನೂಲಿಗೆ ಒಂದು ಅಂಗುಲವಂತೆ; ಪರವಾಗಿಲ್ಲ ಎಂದೆವು. ಮುಂದಿನ ಸಲ ಟೇಪು ಕಳಿಸುವಾಗ ತಮ್ಮವರಿಗೆ ಇದನ್ನೂ ಹೇಳಿ ಕಳಿಸಿ: ತಾವು ಮೇಜು ಕೊಯ್ಯಿಸುವ ಮುಂಚೆ ಇದ್ದದ್ದಕ್ಕಿಂತ ನಾವಿಬ್ಬರೂ ಈಗ ಎರಡು ನೂಲು ಹತ್ತಿರ ಕೂತಿದ್ದೇವೆ.

ಇಂತಿ,
ತಮ್ಮ ಪುಸ್ತಕದಲ್ಲಿ ‘ಕಹಿ ಬೇರು’,
ತನ್ನ ತಂಗಿಗೆ ಚೇಚಿ,
ರಾಹೇಲಮ್ಮ ಟೀಚರ್, ಪುಳಿಕ್ಕಡವು