ಬಿಳಿ ಬಾವುಟದ ಊರು

ಮದ್ದೂರು
೧೪ ನವೆಂಬರ್ ೧೯೪೧

ನನ್ನ ಮುದ್ದು ಚಲುವಿ,

ಬೈಯಬೇಡ ಕಣೇ! ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ನೀನು ಹೆಣೆದು ಕಳಿಸಿದ ಪುಟ್ಟ ಟೋಪಿಯೂ ತಲುಪಿತು, ಎಷ್ಟು ಚೆನ್ನಾಗಿದೆ! ಮಂಡ್ಯದ ಬದಲು ಮದ್ದೂರು ಅಂತ ನೋಡಿ ಹುಬ್ಬೇರಿಸಿದೆಯಾ? ಹವಾ ಬದಲಾಗಲಿ ಅಂತ ಇವರ ಸೋದರತ್ತೆ ಚಿಕ್ಕನಂಜಮ್ಮನವರ ಮನೆಗೆ ಬಂದಿದ್ದೇನೆ.

ನಮ್ಮ ಯಜಮಾನರ, ಅಂದರೆ ಡಾಕ್ಟರ್ ಸಾಹೇಬರ, ಪ್ಲಾನು ಕೇಳು. ನಾಲೆ ಬಂದು ಗದ್ದೆ ಹಸಿರಾಯಿತು, ಹಿಂದೆಯೇ ಸೊಳ್ಳೆ, ಚಳಿಜ್ವರ. ಅದಕ್ಕೆ ವಾರಕ್ಕೊಂದು ದಿನ ಗದ್ದೆಯ ನೀರು ಬಸಿಯುವುದು, ಮನೆಮನೆಗೆ ಕ್ವಿನೈನ್, ಎಲ್ಲಕ್ಕಿಂತ ಮೇಲೆ ಬಾವುಟ! ತಿಂಗಳಲ್ಲಿ ಹೊಸ ಜ್ವರ ಬಾರದ ಊರಿನ ಚಾವಡಿಗೆ ಬಿಳಿ, ಬಂದ ಊರಿಗೆ ಕೆಂಪು. ಹೊಲಿದವಳು ನಾನೇ, ಕಾನ್ವೆಂಟಿನ ಹೊಲಿಗೆ ಕೊನೆಗೂ ಸರ್ಕಾರಕ್ಕೆ ಉಪಯೋಗವಾಯಿತು! ಕೆಲವೇ ತಿಂಗಳಲ್ಲಿ ಎಲ್ಲೆಲ್ಲೂ ಬಿಳಿ. ಬೆಂಗಳೂರಿನ ದೊಡ್ಡ ಅಧಿಕಾರಿಗಳು ಮೊದಲು ನೋಡುವುದು ಮಂಡ್ಯಕ್ಕೆ ಅಂಟಿಕೊಂಡ, ನಾವಿರುವ ಗುತ್ತಲನ್ನೇ. ಅಲ್ಲಿ ಕೆಂಪು ಏರಿದರೆ ಪ್ಲಾನೇ ಮುಗಿಯಿತು ಅಂತ ಇವರಿಗೆ ಊಟ ಸೇರುತ್ತಿರಲಿಲ್ಲ.

ಪಾತ್ರೆ ತೊಳೆಯುವ ದೊಡ್ಡತಾಯಮ್ಮನ ಮುಂದೆ ಇದನ್ನೆಲ್ಲ ಜಂಬದಿಂದ ಹೇಳಿದೆ. ಅವಳು ನಕ್ಕುಬಿಟ್ಟಳು.

"ಜ್ವರ ಎಲ್ಲೋದಾತು ಕಣವ್ವ? ಕೆಂಪು ಬಾವುಟದ್ ಊರ್ಗೆ ಯಾರ್ ಎಣ್ ಕೊಡ್ತಾರೆ? ನಡುಗೋರ್ನ ಗಾಡಿಗಾಕಿ ನೆಂಟರ ಮನೆಗೆ ಸಾಗಾಕ್ತಾರೆ. ನನ್ ತಮ್ಮ ಮರಿಯಯ್ಯನ್ನೂ ಅಂಗೇಯ ಕಳ್ಸಿದ್ದು, ಬುಡಿ."

ಇವರಿಗೆ ಹೇಳಿದೆ. "ಅವಳ ಮಾತು ಕಟ್ಟಿಕೊಂಡರೆ ಕೆಲಸ ಆಗುತ್ತದೇನೇ ಕಾಮೂ?" ಎಂದು ಮ್ಯಾಪಿನ ಕಡೆ ತಿರುಗಿದರು. ಕೋಪವೇನೂ ಇರಲಿಲ್ಲ. ಬಹಳ ಒಳ್ಳೆಯವರು ಕಣೇ; ಸಂಜೆ ಮಲ್ಲಿಗೆ ತರುವುದನ್ನು ಒಮ್ಮೆಯೂ ಮರೆತವರಲ್ಲ.

ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ. ಅಮ್ಮನಿಗೆ ನಮಸ್ಕಾರ ಹೇಳು, ನಿನ್ನ ತಂಗಿಯರ ಕೆನ್ನೆ ನನ್ನ ಪರವಾಗಿ ಹಿಂಡು. ಎಲ್ಲರೂ ತಣ್ಣಗಿರಿ.

ನಿನ್ನ
ಕಾಮಾಕ್ಷಿ

ಮೇಲೆ ಬರೆಯದೆ ಬಿಟ್ಟದ್ದು: ಅಧಿಕಾರಿಗಳು ಬರುವ ಹಿಂದಿನ ವಾರ ನನಗೇ ಚಳಿ ಹಿಡಿಯಿತು. ಇವರೇ ಕಂಬಳಿ ಸುತ್ತಿ, ಕ್ವಿನೈನ್ ನುಂಗಿಸಿ, ಮದ್ದೂರಿನ ರೈಲು ಹತ್ತಿಸಿದರು. ಚಿಕ್ಕನಂಜಮ್ಮನವರು ಚೆನ್ನಾಗಿಯೇ ನೋಡಿಕೊಂಡರು, ಆದರೂ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಟೋಪಿಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ, ನಿನ್ನ ಅಕ್ಕನ ಕೂಸಿಗೆ ಆದೀತು. ನಿನ್ನೆ ಇವರ ಕಾಗದ ಬಂತು. ಗುತ್ತಲಿನಲ್ಲಿ ಈ ತಿಂಗಳೂ ಬಿಳಿ ಬಾವುಟವಂತೆ.