ನನ್ನ ತಲೆಬುರುಡೆಯ ತಗ್ಗು ಮತ್ತು ಕನ್ನಡದ ಒಂದು ಸಾಲು

ಮಾನ್ಯರೇ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ರಾಯಬಾಗಕ್ಕೆ ಹೋಗಿ ದವಡೆಯ ಹಲ್ಲು ಕೀಳಿಸಿಕೊಂಡು ಬಂದೆ. ಮಧ್ಯಾಹ್ನವೆಲ್ಲ ನನ್ನ ತಲೆಬುರುಡೆಯನ್ನು ಮಾತಾಡಿಸಲು ಬಂದವರಿಗೆ ಚಹಾ ಕೊಟ್ಟದ್ದಾಯಿತು. ಸ್ಕ್ಯಾನ್ ಕೇಂದ್ರಗಳಿಗೆ ಪರವಾನಗಿ ಕೊಡುವ ತಮ್ಮಲ್ಲಿ ನನ್ನ ದೂರು ಇಷ್ಟೇ: ನಮ್ಮ ತಲೆಯೊಳಗಿನದನ್ನು ನಮಗೆ ತಿಳಿಯದ ಇಂಗ್ಲಿಷಿನಲ್ಲಿ ಬರೆದು ಕೈಗೆ ಕೊಟ್ಟು ಕಳಿಸುತ್ತಾರೆ.

ಹತ್ತು ದಿನದ ಹಿಂದೆ ಹಲ್ಲಿಗೆಂದು ಸ್ಕ್ಯಾನ್ ಮಾಡಿಸಿದೆ. ವರದಿಯಲ್ಲಿ ಹಲ್ಲಿಗೆ ಎರಡು ಸಾಲು, ನಾನು ಕೇಳದ ಎಲುಬುಗಳಿಗೆ ಒಂದು ಪುಟ. ಮಗಳು ಸೀಮಾ ಮೊಬೈಲಿನಲ್ಲಿ ಪದ ಹುಡುಕಿ ಓದಿದಳು: ತಲೆಬುರುಡೆಯ ತಳದಲ್ಲಿ ಜೋಳದ ಕಾಳಿನಷ್ಟು ತಗ್ಗು. ಆ ಸುದ್ದಿ ಗೋಡೆ ದಾಟಿ ನೆರೆಮನೆಯ ಸುಂದ್ರವ್ವನನ್ನು ಮುಟ್ಟುವಷ್ಟರಲ್ಲಿ ತಗ್ಗು ತೂತಾಗಿತ್ತು.

"ಮುರಗೆಪ್ಪಣ್ಣ, ಜೋರ್ ಸೀನಬ್ಯಾಡ," ಎಂದಳು ಬಾಳೆಹಣ್ಣು ತಂದ ಸುಂದ್ರವ್ವ.

"ಕಬ್ಬೂ ತಿನಬ್ಯಾಡೋ, ರಸ ಮ್ಯಾಲ ಏರತೈತಿ," ಎಂದ ನಮ್ಮ ಓಣಿಯ ಹಾಲಸಿದ್ದ ಕಾಕಾ.

ನನ್ನ ಹೆಂಡತಿ ಶಿವಗಂಗವ್ವ ಇದ್ದಿದ್ದರೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಅವಳು ತೀರಿ ಎಂಟು ತಿಂಗಳು.

ಸೀಮಾ ಮಾತ್ರ ನಗಲಿಲ್ಲ. ಚಿಕ್ಕೋಡಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದಳು. ವರದಿ ನೋಡಿದ ಹಲ್ಲಿನ ವೈದ್ಯರು ಏನೂ ಇಲ್ಲವೆಂದಿದ್ದಾರಲ್ಲ ಎಂದರೆ, "ಅವ್ವಗೂ ಬಾಯಿಲೆ ಹಂಗ ಅಂದಿದ್ರಪ್ಪಾ. ಕಾಗದದಾಗ ಬ್ಯಾರೆ ಬರದಿತ್ತು, ನಮಗ ಓದಾಕ ಬರಲಿಲ್ಲ."

ಮಾನ್ಯರೇ, ಇದಕ್ಕೆ ತಮ್ಮ ಕಚೇರಿಯ ಯಾವ ಸುತ್ತೋಲೆ ಉತ್ತರ ಕೊಡುತ್ತದೆ?

ಇಂದು ಹಲ್ಲಿನ ವೈದ್ಯರನ್ನು ಮತ್ತೆ ಕೇಳಿದೆ. "ಕೆಲವರಿಗೆ ಗಲ್ಲದ ಮ್ಯಾಲ ಗುಳಿ ಇರತೈತಲ್ರಿ, ನಿಮಗ ಒಳಗೈತಿ, ಅಷ್ಟ," ಎಂದರು. ಅದನ್ನೇ ಬರೆದುಕೊಡಿ ಎಂದೆ. ಕನ್ನಡ ಬರೆದು ಬಹಳ ವರ್ಷವಾಯಿತು ಎನ್ನುತ್ತಲೇ ವರದಿಯ ಹಿಂದೆ ಬರೆದರು: "ಹುಟ್ಟಿನಿಂದ ಬಂದದ್ದು. ರೋಗವಲ್ಲ. ಚಿಕಿತ್ಸೆ ಬೇಡ." ಸಹಿ, ಮುದ್ರೆ, ಎಲ್ಲ ಸೇರಿ ಒಂದು ನಿಮಿಷ.

ಸೀಮಾ ಎರಡು ಸಲ ಓದಿದಳು. ಆಮೇಲೆ, "ನನ್ನ ಮಾರ್ಕ್ಸ್‌ಕಾರ್ಡ್ ಎಲ್ಲಿ ಇಟ್ಟೀಯಪ್ಪಾ?" ಎಂದು ಕೇಳಿದಳು.

ಆ ಒಂದು ನಿಮಿಷವನ್ನು ಜಿಲ್ಲೆಯ ಪ್ರತಿ ವರದಿಗೂ ಕಡ್ಡಾಯ ಮಾಡಿ. ಒಳಗೆ ಕಂಡದ್ದು ಹೆದರುವಂಥದ್ದೋ ಅಲ್ಲವೋ, ಕನ್ನಡದಲ್ಲಿ, ಸಹಿಯೊಂದಿಗೆ. ಹೆದರುವಂಥದ್ದಾದರೆ ಇನ್ನೂ ದೊಡ್ಡ ಅಕ್ಷರದಲ್ಲಿ.

ಕಾಲೇಜಿಗೆ ಹೆಸರು ಹಚ್ಚಲು ನಾಳೆ ಕೊನೆಯ ದಿನ. ಚಿಕ್ಕೋಡಿ ಬಸ್ಸು ಬೆಳಿಗ್ಗೆ ಏಳೂವರೆಗೆ.

ಇಂತಿ,
ಐವತ್ತಾರು ವರ್ಷ ತಗ್ಗು ಹೊತ್ತು ತಿರುಗಿಯೂ ತಿಳಿಯದಿದ್ದ
ಮುರಗೆಪ್ಪ, ಪಾಲಬಾವಿ